ಖರ್ಚು ಕಮ್ಮಿ ಮಾಡಿ ಅಂದ್ರೆ ಬಡವರ ವಿರೋಧಿ ಆಗ್ಬಿಡ್ತೀವಾ? ಗ್ರಾಮಸಭೆಗೆ ಮುಂಚೆ ನಿಮ್ಮ ಸಲಹೆ ಬೇಕು

ತೋಟದಮನೆ (ಮಡಿಕೇರಿ ತಾಲ್ಲೂಕು):

ಎಲ್ರಿಗೂ ನಮಸ್ಕಾರ. ಉದ್ದ ಇದೆ, ಪೂರ್ತಿ ಓದಿ ಉತ್ತರ ಕೊಡಿ ಅಂತ ಕೇಳ್ಕೊಳ್ತೀನಿ.

ನಮ್ದು ಎಂಟು ಎಕರೆ ಕಾಫಿ, ನೆರಳಿನ ಮರಕ್ಕೆ ಒಂದಿಷ್ಟು ಮೆಣಸು ಬಳ್ಳಿ. ರಾಜಕೀಯದಲ್ಲಿ ನಾನು ಬಿಜೆಪಿ ಕಡೆ, ಬೂತ್ ಮಟ್ಟದಲ್ಲಿ ಕೆಲಸ ಮಾಡ್ಕೊಂಡು ಬಂದವನು. ಗ್ರಾಮ ಪಂಚಾಯಿತಿ ಎಲೆಕ್ಷನ್ ಪಕ್ಷದ ಚಿಹ್ನೆ ಮೇಲೆ ನಡೆಯಲ್ಲ, ಆದ್ರೂ ಯಾರು ಯಾವ ಕಡೆ ಅಂತ ಊರಿಗೆಲ್ಲ ಗೊತ್ತು, ಅದಕ್ಕೇ ಮೊದ್ಲೇ ಹೇಳ್ಬಿಡ್ತಿದೀನಿ.

ವಿಷಯ ಏನಂದ್ರೆ ನಮ್ಮ ಪಂಚಾಯಿತಿಯಲ್ಲಿ ಮನೆ ಕಂದಾಯ ಏರಿಸೋ ಮಾತು ಶುರುವಾಗಿದೆ, ಮುಂದಿನ ಗ್ರಾಮಸಭೆಯಲ್ಲಿ ಚರ್ಚೆಗೆ ಬರುತ್ತೆ. ಯಾಕೆ ಅಂತ ಕೇಳಿದ್ರೆ ದುಡ್ಡಿಲ್ಲ, ಬೀದಿದೀಪದ್ದು ನೀರಿನ ಮೋಟರ್‌ದು ಕರೆಂಟ್ ಬಿಲ್ ಬಾಕಿ ಬೆಳೀತಾ ಇದೆ ಅಂತಾರೆ. ಸರಿ, ಆದ್ರೆ ಇದೇ ಪಂಚಾಯಿತಿ ಹೋದ ಎರಡು ವರ್ಷದಲ್ಲಿ ಊರ ಬಾಗಿಲಿಗೆ ಸ್ವಾಗತ ಕಮಾನು ಕಟ್ಟಿಸ್ತು, ಆಫೀಸ್ ಮುಂದೆ ಚೆನ್ನಾಗೇ ಇದ್ದ ಅಂಗಳ ಕಿತ್ತು ಇಂಟರ್‌ಲಾಕ್ ಹಾಕಿಸ್ತು, ಮಾರ್ಚ್ ತಿಂಗಳು ಬಂತು ಅಂದ್ರೆ ಸಾಕು ಎಲ್ಲೋ ಒಂದು ಕಡೆ ಯಾರ ಮನೆಗೂ ಹೋಗದ ರಸ್ತೆಗೆ ಕಾಂಕ್ರೀಟ್ ಬೀಳುತ್ತೆ, ಅನುದಾನ ವಾಪಸ್ ಹೋಗ್ಬಾರ್ದಲ್ಲ ಅಂತ. ಅದಕ್ಕೆ ನಾವು ಏಳೆಂಟು ಜನ ಸೇರಿ ಒಂದು ಕರಪತ್ರ ಮಾಡಿದ್ವಿ, "ಕಂದಾಯ ಏರಿಸೋ ಮೊದಲು ಖರ್ಚು ಇಳಿಸಿ" ಅಂತ. ಅದ್ರಲ್ಲಿ ಕಮಾನು, ಸನ್ಮಾನ, ಫ್ಲೆಕ್ಸು, ಅಧ್ಯಯನ ಪ್ರವಾಸ ಇವನ್ನೆಲ್ಲ ನಿಲ್ಲಿಸಿ ಅಂದಿದೀವಿ, ಜೊತೆಗೆ ದಿನಕ್ಕೆ ಐದು ಜನಾನೂ ಬರದ ಲೈಬ್ರರಿ ಅರ್ಧ ದಿನ ತೆಗೆದ್ರೆ ಸಾಕು, ಬೇಸಿಗೆ ಟ್ಯಾಂಕರ್ ನೀರಿಗೆ ಒಂದು ಮಿತಿ ಹಾಕಿ ಅಂತಾನೂ ಬರೆದಿದೀವಿ.

ನಂಗೆ ಈ ಬುದ್ಧಿ ಪಕ್ಷದಿಂದ ಬಂದಿದ್ದಲ್ಲ, ಮನೆಯಿಂದ ಬಂದಿದ್ದು. ನಮ್ಮ ಐನ್‌ಮನೆ (ಮನೆತನದ ಮೂಲ ಮನೆ) ಮಾಡಿಗೆ ಹೆಂಚು ಬದಲಾಯಿಸ್ಬೇಕು ಅಂದ್ರೆ ಒಕ್ಕದವರೆಲ್ಲ, ಅಂದ್ರೆ ಒಂದೇ ಮನೆತನದವರೆಲ್ಲ, ದುಡ್ಡು ಹಾಕ್ತೀವಿ, ಹಬ್ಬಕ್ಕೆ ಎಲ್ರೂ ಸೇರಿದಾಗ ಒಕ್ಕದ ಹಿರಿಯರಾದ ಪಟ್ಟೆದಾರರು ಯಾರು ಎಷ್ಟು ಕೊಟ್ರು, ಮರಕ್ಕೆ ಎಷ್ಟು ಹೋಯ್ತು, ಆಳಿಗೆ ಎಷ್ಟು ಹೋಯ್ತು ಅಂತ ಪುಸ್ತಕ ಬಿಚ್ಚಿ ಓದ್ತಾರೆ, ಎಂಬತ್ತು ವರ್ಷದ ದೊಡ್ಡಪ್ಪನೂ ಪ್ರಶ್ನೆ ಕೇಳ್ಬಹುದು ಬೆಂಗ್ಳೂರಿಂದ ಬಂದ ಹುಡುಗನೂ ಕೇಳ್ಬಹುದು. ಹಳೇ ಹೆಂಚಲ್ಲಿ ಮುಕ್ಕಾಲು ಭಾಗ ಚೆನ್ನಾಗಿದ್ರೆ ಕಾಲು ಭಾಗ ಮಾತ್ರ ತರ್ತೀವಿ, ಉಳಿದ ದುಡ್ಡು ಹಾಗೇ ಇಡ್ತೀವಿ. ಇದೇನು ಜಿಪುಣತನ ಅಲ್ಲ, ಮುಂದಿನವರಿಗೆ ಮನೆ ಉಳೀಬೇಕು ಅಂತ.

ಇನ್ನೊಂದು, 2018ರ ಆಗಸ್ಟ್. ನಿಮ್ಗೆ ಯಾರಿಗೂ ನೆನಪು ಮಾಡ್ಬೇಕಾಗಿಲ್ಲ. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಏನಾಯ್ತು ಅಂತ ಎಲ್ರೂ ನೋಡಿದೀವಿ. ನಮ್ಮ ಕಡೆ ಪ್ರಾಣಹಾನಿ ಆಗ್ಲಿಲ್ಲ ಆದ್ರೆ ರಸ್ತೆ ಮೂರು ಕಡೆ ಕುಸೀತು, ಮರ ಬಿದ್ದು ಕರೆಂಟ್ ಇಲ್ಲ ಫೋನ್ ಇಲ್ಲ, ಆವಾಗ ಪಂಚಾಯಿತಿಯಲ್ಲಿ ಜೆಸಿಬಿಗೆ ಡೀಸೆಲ್ ಹಾಕ್ಸೋಕೂ ಕೈಯಲ್ಲಿ ಕಾಸಿರ್ಲಿಲ್ಲ. ತೋಟದವರು ಕೈಯಿಂದ ಹಾಕಿ ಮಣ್ಣು ತೆಗೆಸಿದ್ವಿ, ಹುಡುಗರು ಮರ ಕುಯ್ಯೋ ಮೆಷಿನ್ ಹೊತ್ಕೊಂಡು ಬಂದ್ರು. ನಮ್ಮಜ್ಜಿ ಕಕ್ಕಡ (ಜೋರು ಮಳೆಯ ತಿಂಗಳು) ಬರೋಕೆ ಮುಂಚೆ ಸೌದೆ ಒಟ್ಟಿ, ಅಕ್ಕಿ ಉಪ್ಪು ಒಣಮೀನು ಎಲ್ಲ ಮನೆಗೆ ತುಂಬ್ಕೊಳ್ತಿದ್ರು. ಒಂದು ಮುದುಕಿಗೆ ಇದ್ದ ಮುಂದಾಲೋಚನೆ ಒಂದು ಪಂಚಾಯಿತಿಗೆ ಯಾಕಿರ್ಬಾರ್ದು ಅನ್ನೋದು ನನ್ನ ಪ್ರಶ್ನೆ.

ಇಷ್ಟೆಲ್ಲ ಗಟ್ಟಿಯಾಗಿ ನಂಬಿದ್ದೆ. ಹೋದ ವಾರ ಕರಪತ್ರ ಹಿಡ್ಕೊಂಡು ಪೈಸಾರಿ (ಸರ್ಕಾರಿ ಜಾಗದಲ್ಲಿ ಬಡವರು ಮನೆ ಕಟ್ಕೊಂಡಿರೋ ಕಡೆ) ಮನೆ ಮನೆಗೆ ಹೋದ್ವಿ. ಅಲ್ಲಿ ಒಬ್ರು ಅಜ್ಜಿ, ಹಿಂದೆ ನಮ್ಮ ತೋಟದಲ್ಲೇ ಕೆಲಸ ಮಾಡಿದವ್ರು, ನನ್ನ ಸಣ್ಣವನಿದ್ದಾಗಿಂದ ನೋಡಿದವ್ರು. ಕರಪತ್ರ ಮೊಮ್ಮಗಳ ಕೈಯಲ್ಲಿ ಓದಿಸಿ ಕೇಳಿದ್ರು, "ಖರ್ಚು ಕಮ್ಮಿ ಮಾಡ್ತೀವಿ ಅಂತ ಬರ್ದಿದೀರ, ಯಾರ ಖರ್ಚು ಮಗ?" ಅಂತ. ಅಷ್ಟೇ. ಕೋಪ ಇರ್ಲಿಲ್ಲ ಮಾತಲ್ಲಿ. ನಂಗೆ ಸರಿಯಾಗಿ ಉತ್ತರ ಕೊಡೋಕಾಗ್ಲಿಲ್ಲ, ಏನೋ ಕಮಾನು ಗಿಮಾನು ಅಂತ ಹೇಳಿ ಬಂದೆ, ಅವ್ರ ಮನೆ ಹಿಂದೆ ಟ್ಯಾಂಕರ್ ನೀರು ತುಂಬೋ ನೀಲಿ ಡ್ರಮ್ ಇತ್ತು.

ಅವತ್ತಿಂದ ಯೋಚನೆ. ಮಿತವ್ಯಯ ಬೇಕು ಅನ್ನೋದನ್ನ ನಾನು ಬಿಡಲ್ಲ. ಆದ್ರೆ ಇದನ್ನ ಗ್ರಾಮಸಭೆಯಲ್ಲಿ ಹೇಗೆ ಮಂಡಿಸ್ಬೇಕು, ಯಾವುದನ್ನ ಕಡಿಯೋಕೆ ಸಾಧ್ಯ ಯಾವುದು ಸಾಧ್ಯ ಇಲ್ಲ, ಪಂಚಾಯಿತಿ ಲೆಕ್ಕ ಗೊತ್ತಿರೋರು ದಯವಿಟ್ಟು ಹೇಳಿ.

ಕಿಗ್ಗಟ್ಟುನಾಡು:

ಅಣ್ಣ, ನಿಮ್ಮ ಕರಪತ್ರಕ್ಕೆ ನನ್ನ ಪೂರ್ತಿ ಬೆಂಬಲ, ಆದ್ರೆ ನೀವು ಬಕೆಟ್ ತೂತು ಮುಚ್ತಾ ಇದೀರ, ಡ್ಯಾಮ್ ಗೇಟೇ ತೆಗೆದಿಟ್ಟಿದಾರೆ. 2025-26ರ ರಾಜ್ಯ ಬಜೆಟ್ 4 ಲಕ್ಷ 9 ಸಾವಿರ ಕೋಟಿ, ಅದ್ರಲ್ಲಿ ಸಾಲಾನೇ 1 ಲಕ್ಷ 16 ಸಾವಿರ ಕೋಟಿ, ಗ್ಯಾರಂಟಿಗಳಿಗೆ 51 ಸಾವಿರ ಕೋಟಿ ಎತ್ತಿಟ್ರು. ಅದಕ್ಕೆ ಮುಂಚೆ 2024ರ ಜೂನ್‌ನಲ್ಲಿ ಪೆಟ್ರೋಲಿಗೂ ಡೀಸೆಲಿಗೂ ಸುಮಾರು 3 ರೂಪಾಯಿ ಏರಿಸಿದ್ರು. ನಮ್ಮ ಜಿಲ್ಲೇಲಿ ರೈಲಿಲ್ಲ, ಗೊಬ್ಬರ ಬರ್ಬೇಕಾದ್ರೂ ಕಾಫಿ ಹೋಗ್ಬೇಕಾದ್ರೂ ಡೀಸೆಲ್ಲೇ ಗತಿ, ಆ ಮೂರು ರೂಪಾಯಿ ಕೊನೆಗೆ ಬೀಳೋದು ನಮ್ಮ ತಲೆ ಮೇಲೇನೇ. ಹೆಂಗಸರಿಗೆ ಬಸ್ ಫ್ರೀ ಅಂತಾರೆ, ಒಳ್ಳೇದೇ, ಆದ್ರೆ ನಮ್ಮೂರಿಗೆ ಬಸ್ ಬರೋದು ಬೆಳಿಗ್ಗೆ ಒಂದು ಸಂಜೆ ಒಂದು, ಮಳೆ ಜೋರಾದ್ರೆ ಅದೂ ಇಲ್ಲ, ಜೀಪಿಗೆ ದುಡ್ಡು ಕೊಟ್ಟೇ ಹೋಗೋದು.

1956ರ ನವೆಂಬರ್ 1ಕ್ಕೆ ಮೈಸೂರಿಗೆ ಸೇರೋ ತನಕ ನಮ್ದೇ ಕೊಡಗು ರಾಜ್ಯ ಇತ್ತು, 24 ಜನರ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, ನಮ್ಮ ಬಜೆಟ್ ಮಡಿಕೇರಿಲೇ ಪಾಸ್ ಆಗ್ತಿತ್ತು. ಈಗ ನಮ್ಮ ಇಬ್ರು ಶಾಸಕರು 224 ಜನರ ಮಧ್ಯ ಕೂತಿರ್ತಾರೆ. ಮೇಲಿನ ಪೋಲು ನಿಲ್ಲದೆ ಪಂಚಾಯಿತಿ ಕಮಾನು ಲೆಕ್ಕ ಹಾಕಿ ಏನು ಪ್ರಯೋಜನ ಹೇಳಿ.

ನಿವೃತ್ತ ಕಾರ್ಯದರ್ಶಿ:

ಇಬ್ಬರಿಗೂ ಸೇರಿಸಿ ಉತ್ತರ ಬರೀತೀನಿ. ನಾನು ಪಂಚಾಯಿತಿ ಕಾರ್ಯದರ್ಶಿಯಾಗಿ ಈ ಜಿಲ್ಲೆಯಲ್ಲೇ ಕೆಲಸ ಮಾಡಿ ನಿವೃತ್ತಿ ಆದವನು. ಮಂಡಲ ಪಂಚಾಯಿತಿ ಕಾಲದಲ್ಲಿ ಕೆಲಸಕ್ಕೆ ಸೇರಿದ್ದು, 1987ರ ಚುನಾವಣೆ ಆದಮೇಲೆ. ಆಗ ಪಂಚಾಯತ್ ರಾಜ್ ಮಂತ್ರಿ ಆಗಿದ್ದ ನಜೀರ್ ಸಾಬ್ರು ಹಳ್ಳಿಗೆ ಅಧಿಕಾರ ಕೊಡ್ಬೇಕು ಅಂತ ತಂದ ಕಾನೂನು ಅದು. ಆಗಿಂದ ನೋಡಿದ್ರಲ್ಲಿ ಒಂದು ಮಾತು ಹೇಳ್ತೀನಿ, ಜನ ಪಂಚಾಯಿತಿ ದುಡ್ಡು ಅಂದ್ರೆ ಒಂದೇ ಡಬ್ಬಿ ಅನ್ಕೊಂಡಿದಾರೆ. ಒಂದೇ ಡಬ್ಬಿ ಅಲ್ಲ ಅದು.

ಮೊದಲನೇದು ಹಣಕಾಸು ಆಯೋಗದ ಅನುದಾನ. 15ನೇ ಹಣಕಾಸು ಆಯೋಗ 2021ರಿಂದ 2026ರ ತನಕ ಕೊಟ್ಟಿದ್ರಲ್ಲಿ ನೂರಕ್ಕೆ 60 ಭಾಗ ನಿರ್ಬಂಧಿತ, ಅಂದ್ರೆ ಅರ್ಧ ನೀರಿಗೆ ಅರ್ಧ ಸ್ವಚ್ಛತೆಗೆ ಅಂತ ಬರೆದೇ ಬರ್ತಿತ್ತು. ಉಳಿದ 40 ಭಾಗ ಊರಿಗೆ ಬೇಕಾದ್ದಕ್ಕೆ ಬಳಸ್ಬಹುದಿತ್ತು ಆದ್ರೆ ಅದ್ರಿಂದ ಸಂಬಳ, ಆಫೀಸ್ ಖರ್ಚು ಮಾಡೋ ಹಾಗಿರ್ಲಿಲ್ಲ. ಎರಡನೇದು ಶಾಸಕರು ಸಂಸದರ ನಿಧಿ, ಬೇರೆ ಬೇರೆ ಇಲಾಖೆ ಕಾಮಗಾರಿ, ಇದು ಪಂಚಾಯಿತಿ ಪೆಟ್ಟಿಗೆಗೆ ಬರೋದೇ ಇಲ್ಲ. ಮೂರನೇದು ನಿಮ್ಮ ಸ್ವಂತ ಆದಾಯ, ಮನೆ ಕಂದಾಯ, ನೀರಿನ ಶುಲ್ಕ, ಅಂಗಡಿ ಲೈಸೆನ್ಸು, ಸಂತೆ ಹರಾಜು ಇತ್ಯಾದಿ. ನೀವು ಈಗ ಕಂದಾಯ ಏರಿಸ್ಬೇಡಿ ಅಂತಿರೋದು ಈ ಮೂರನೇ ಡಬ್ಬಿ ವಿಷಯ. ಹಾಗಾಗಿ ತೋಟದಮನೆಯವರೆ, ಮೊದಲು ನೋಡ್ಬೇಕಾದ್ದು ಆ ಕಮಾನು ಯಾವ ಡಬ್ಬಿಯಿಂದ ಆಯ್ತು ಅಂತ. ಶಾಸಕರ ನಿಧಿಯಿಂದ ಆಗಿದ್ರೆ ಕಮಾನು ಬೇಡ ಅಂದ್ರೂ ನಿಮ್ಮ ಕರೆಂಟ್ ಬಿಲ್ಲಿಗೆ ಒಂದು ಪೈಸೆ ಬರ್ತಿರ್ಲಿಲ್ಲ. ಸ್ವಂತ ಆದಾಯದಿಂದ ಆಗಿದ್ರೆ ಆಗ ನೀವು ಕೇಳೋ ಪ್ರಶ್ನೆಗೆ ಬಲ ಬರುತ್ತೆ.

ಈ ಸ್ವಂತ ಆದಾಯದಲ್ಲೂ ಪೂರ್ತಿ ಕೈ ಹಾಕೋಕಾಗಲ್ಲ. ಪರಿಶಿಷ್ಟ ಜಾತಿ ಪಂಗಡದವರಿಗೆ 25 ಪರ್ಸೆಂಟ್, ವಿಶೇಷಚೇತನರಿಗೆ 5 ಪರ್ಸೆಂಟ್ ತೆಗೆದಿಡ್ಬೇಕು. ಆಮೇಲೆ ಸೆಸ್ಸು. ನೀವು 1000 ರೂಪಾಯಿ ಕಂದಾಯ ಕಟ್ಟಿದ್ರೆ ಅದ್ರ ಮೇಲೆ ಆರೋಗ್ಯಕ್ಕೆ 15, ಶಿಕ್ಷಣಕ್ಕೆ 10, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3 ಪರ್ಸೆಂಟ್, ಒಟ್ಟು 340 ರೂಪಾಯಿ ಸೇರಿ 1340 ಕಟ್ತೀರ. ಆ 340 ಪಂಚಾಯಿತಿದಲ್ಲ. ಲೈಬ್ರರಿ ಅರ್ಧ ದಿನ ಮುಚ್ಚಿ ಉಳಿಸ್ತೀವಿ ಅನ್ನೋದು ಇದೇ ಕಾರಣಕ್ಕೆ ಲೆಕ್ಕಕ್ಕೆ ನಿಲ್ಲಲ್ಲ. ಗ್ರಂಥಾಲಯದ ಸೆಸ್ ಅಂತ ಜನರ ಹತ್ರ ವಸೂಲಿ ಮಾಡಿ ಅದನ್ನ ಬೀದಿದೀಪಕ್ಕೆ ಹಾಕೋ ಹಾಗಿಲ್ಲ.

ಇನ್ನು ನಿಜವಾದ ಹೊರೆ ಎಲ್ಲಿದೆ ಗೊತ್ತಾ, ಮೇಲಿನವರು ಕಟ್ಟಿಕೊಟ್ಟು ಹೋಗೋ ಆಸ್ತಿಯಲ್ಲಿದೆ. 2019ರಲ್ಲಿ ಜಲ ಜೀವನ್ ಮಿಷನ್ ಬಂತು, ನಮ್ಮಲ್ಲಿ ಮನೆ ಮನೆಗೆ ಗಂಗೆ ಅಂತಾರೆ, ತಲೆಗೆ ದಿನಕ್ಕೆ 55 ಲೀಟರ್ ನೀರು ಅನ್ನೋ ಲೆಕ್ಕ. ಪೈಪು ಟ್ಯಾಂಕು ಕಟ್ಟೋ ಖರ್ಚು ಕೇಂದ್ರ, ರಾಜ್ಯ ಹಾಕ್ತವೆ. ಕಟ್ಟಿ ಆದ್ಮೇಲೆ ಮೋಟರ್ ಓಡಿಸೋದು, ಒಡೆದ ಪೈಪ್ ಸರಿ ಮಾಡೋದು, ನೀರುಗಂಟಿಗೆ ಸಂಬಳ ಎಲ್ಲ ಪಂಚಾಯಿತಿ ತಲೆ ಮೇಲೆ. ಬಯಲುಸೀಮೆ ಊರಲ್ಲಿ ಮನೆಗಳು ಒತ್ತೊತ್ತಾಗಿ ಇರ್ತವೆ. ನಮ್ಮಲ್ಲಿ 2011ರ ಜನಗಣತಿ ಪ್ರಕಾರ ಚದರ ಕಿಲೋಮೀಟರಿಗೆ 135 ಜನ, ರಾಜ್ಯದ ಸರಾಸರಿ 319. ತೋಟ ದಾಟಿ ಗದ್ದೆ ದಾಟಿ ಒಂದು ಮನೆ. ಅದೇ ಹತ್ತು ಮನೆಗೆ ನಾಲ್ಕು ಪಟ್ಟು ಪೈಪು, ನಾಲ್ಕು ಪಟ್ಟು ಕಂಬ. ಅದ್ರ ಮೇಲೆ ಸ್ವಂತ ಬಾವಿ ಇರೋರು ನಲ್ಲಿ ಹಾಕಿಸ್ಕೊಂಡು ಶುಲ್ಕ ಕಟ್ಟಲ್ಲ. ಹೊಸದು ಏನೇ ಬರ್ಲಿ, ಇದನ್ನ ನಡೆಸೋಕೆ ವರ್ಷಕ್ಕೆ ಎಷ್ಟು ಬೇಕು, ಯಾವ ಡಬ್ಬಿಯಿಂದ ಅಂತ ಒಂದು ಹಾಳೆ ಬರೆದು ನಡಾವಳಿ ಪುಸ್ತಕಕ್ಕೆ ಸೇರಿಸಿ ಆಮೇಲೆ ಒಪ್ಪಿ ಅಂತ ಗ್ರಾಮಸಭೆಯಲ್ಲಿ ಕೇಳಿ. ನನ್ನ ಸರ್ವಿಸಲ್ಲಿ ಯಾರೂ ಕೇಳ್ಲಿಲ್ಲ.

ಬೀದಿದೀಪ ಹಗಲು ಹೊತ್ತು ಉರಿಯೋದನ್ನ ನೋಡಿದೀರಲ್ಲ? ಎಷ್ಟೋ ಕಡೆ ಆಫ್ ಮಾಡೋಕೆ ಸ್ವಿಚ್ಚೇ ಇರಲ್ಲ, ಇದ್ರೆ ಅದು ಎರಡು ಕಿಲೋಮೀಟರ್ ಆಚೆ ಕಂಬದಲ್ಲಿ, ನೀರುಗಂಟಿಗೇ ಆ ಕೆಲಸಾನೂ ಹೇಳಿರ್ತಾರೆ. ಮೀಟರ್ ಇಲ್ಲದ ಕಡೆ ಬಿಲ್ ಅಂದಾಜಿನ ಮೇಲೆ ಬರುತ್ತೆ. ಮೀಟರ್ ಹಾಕ್ಸಿ, ಟೈಮರ್ ಹಾಕ್ಸಿ, ಹಳೇ ಬಲ್ಬ್ ತೆಗೆದು ಎಲ್ಇಡಿ ಹಾಕ್ಸಿ. ಯಾರ ಹೊಟ್ಟೆ ಮೇಲೂ ಹೊಡೆಯದೆ ಉಳಿಸೋ ಜಾಗ ಅಂದ್ರೆ ಇದೇ ಮೊದಲು.

ಮತ್ತೆ ಬೇಡಿಕೆ-ವಸೂಲಿ-ಬಾಕಿ ಪಟ್ಟಿ ಕೇಳಿ, ಡಿಸಿಬಿ ಅಂತಾರೆ. ಬಾಕಿ ಯಾರ್ದು ಅಂತ ನೋಡಿದ್ರೆ ಪೈಸಾರಿ ಮನೆಯವರು ಪಾಪ ಹೆಚ್ಚುಕಮ್ಮಿ ಕಟ್ಟಿರ್ತಾರೆ, ಇ-ಸ್ವತ್ತು (ಪಂಚಾಯಿತಿ ಕೊಡೋ ಆಸ್ತಿ ದಾಖಲೆ) ಬೇಕು ಅಂತಾದ್ರೂ ಕಟ್ತಾರೆ. ವಾಸದ ಮನೆ ಅಂತ ಬರ್ಸಿ ಎಂಟು ರೂಮು ಹೋಂಸ್ಟೇ ಅಂತ ಬಾಡಿಗೆಗೆ ಕೊಡೋರು ವಾಸದ ರೇಟಲ್ಲೇ ಇರ್ತಾರೆ.

ಕಿಗ್ಗಟ್ಟುನಾಡಿನವರಿಗೆ ಒಂದು ಮಾತು. ಮೇಲಿಂದೇ ಸರಿಯಾಗ್ಲಿ ಅಂತ ಕೂತ್ರೆ ನಿಮ್ಮ ಮಾತು ಕೇಳೋಕೆ ಮಧ್ಯದಲ್ಲಿ ಯಾರಿದಾರೆ? ಜಿಲ್ಲಾ ಪಂಚಾಯಿತಿ ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆಗಿದ್ದು, 2021ಕ್ಕೆ ಅವಧಿ ಮುಗೀತು, ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ಆಡಳಿತ. ಜನ ಎದ್ದು ನಿಂತು ಲೆಕ್ಕ ಕೇಳೋ ಜಾಗ ಅಂತ ಉಳಿದಿರೋದು ಗ್ರಾಮಸಭೆ ಮತ್ತೆ ಜಮಾಬಂದಿ. ಜಮಾಬಂದಿ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ನಡೀಬೇಕು, ಕಾಮಗಾರಿ ಕಡತ, ಅಳತೆ ಪುಸ್ತಕ ಎಲ್ಲ ಟೇಬಲ್ ಮೇಲೆ ಇಟ್ಟಿರ್ತಾರೆ, ಯಾರು ಬೇಕಾದ್ರೂ ನೋಡ್ಬಹುದು. ಮಳೆ ಇರುತ್ತೆ ಅಂತ ಯಾರೂ ಬರಲ್ಲ, ಅಷ್ಟೇ ಸಮಸ್ಯೆ.

ಶನಿವಾರಸಂತೆ ಅಕ್ಕ:

ನಾನು ನಿಮ್ಮ ಪಕ್ಷ ಅಲ್ಲ, ಗೃಹಲಕ್ಷ್ಮಿ 2000 ಬರುತ್ತೆ, ಅದ್ರಲ್ಲಿ ನಮ್ಮ ಸಂಘದ ಸಾಲದ ಕಂತು ಕಟ್ಟೋ ಹೆಂಗಸರು ನಂಗೆ ಗೊತ್ತು, ಹಾಗಾಗಿ ಕಿಗ್ಗಟ್ಟುನಾಡಿನ ತಮ್ಮನ ಮಾತು ನಾನು ಒಪ್ಪಲ್ಲ, ಅದು ಇರ್ಲಿ ಇಲ್ಲಿ ಬೇಡ. ತೋಟದಮನೆಯವರ ಪ್ರಶ್ನೆಗೆ ಬರ್ತೀನಿ.

ಲೈಬ್ರರಿಗೆ ದಿನಕ್ಕೆ ಐದು ಜನ ಬರಲ್ಲ ಅಂದ್ರಿ. ಯಾವ ತಿಂಗಳಲ್ಲಿ ನೋಡಿದ್ರಿ ಅಂತ ಕೇಳ್ಬೇಕು ಅನ್ನಿಸ್ತು. ನನ್ನ ಮಗಳು ಪಿಯುಸಿ ಓದುವಾಗ ಜುಲೈಲಿ ನಮ್ಮ ಮನೆಗೆ ಹನ್ನೊಂದು ದಿನ ಕರೆಂಟ್ ಇರ್ಲಿಲ್ಲ. ಪಂಚಾಯಿತಿ ಲೈಬ್ರರಿಲಿ, ಈಗ ಅರಿವು ಕೇಂದ್ರ ಅಂತಾರಲ್ಲ, ಅಲ್ಲಿ ಬ್ಯಾಟರಿ ಮೇಲೆ ಎರಡು ಲೈಟು ಉರೀತಿತ್ತು, ಆ ಹನ್ನೊಂದು ದಿನಾನೂ ಅಲ್ಲಿ ಕೂತು ಓದಿದಾಳೆ, ಅವಳ ಜೊತೆ ಲೈನ್‌ಮನೆ (ತೋಟದ ಕೆಲಸದವರ ಸಾಲುಮನೆ) ಮಕ್ಕಳು ನಾಲ್ಕೈದು ಜನ. ನಿಮ್ಮ ಮನೇಲಿ ಇನ್ವರ್ಟರ್ ಇರುತ್ತೆ ಅಣ್ಣ, ತಪ್ಪು ತಿಳ್ಕೋಬೇಡಿ, ಅದು ಇರೋರಿಗೆ ಲೈಬ್ರರಿ ಖಾಲಿ ಕಾಣುತ್ತೆ.

ಟ್ಯಾಂಕರ್ ವಿಷಯಾನೂ ಹಾಗೇ. ಫೆಬ್ರವರಿ ಕೊನೇಗೆ ಎತ್ತರದ ಕಡೆ ಬೋರ್‌ವೆಲ್ ಒಣಗುತ್ತೆ, ಪೈಸಾರಿಗೆ ಜಾಗ ಕೊಟ್ಟಿರೋದೇ ಗುಡ್ಡದ ತುದೀಲಿ. ಕೆಳಗೆ ತೋಟದ ಕೆರೆಯಿಂದ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಓಡ್ತಿರುತ್ತೆ, ಮೇಲೆ ಕೊಡ ಹಿಡ್ಕೊಂಡು ನಿಂತಿರ್ತಾರೆ. ಅದಕ್ಕೆ ಮಿತಿ ಹಾಕಿ ಅಂತ ಕರಪತ್ರದಲ್ಲಿ ಬರೆದ್ರೆ ಆ ಅಜ್ಜಿ ಕೇಳಿದ್ದು ನ್ಯಾಯಾನೇ.

ಆದ್ರೆ ನೀವು ಹೇಳಿದ ಕಮಾನಿನ ವಿಷಯ, ಮಳೆಗಾಲದ ದುಡ್ಡಿನ ವಿಷಯ ನೂರಕ್ಕೆ ನೂರು ಸರಿ. ನಮ್ಮ ಸ್ವಸಹಾಯ ಸಂಘದಲ್ಲಿ ವಾರಕ್ಕೆ ಇಷ್ಟು ಅಂತ ಉಳಿತಾಯ ಕಟ್ಟದೆ ಯಾರಿಗೂ ಸಾಲ ಇಲ್ಲ, ಪುಸ್ತಕ ಎಲ್ರ ಮುಂದೆ ಬರಿಯೋದು. ಹೆಬ್ಬೆಟ್ಟು ಒತ್ತೋರೂ ಲೆಕ್ಕ ಬಾಯಲ್ಲಿ ಹೇಳ್ತಾರೆ. ದುಡ್ಡು ಹಿಡಿದು ಖರ್ಚು ಮಾಡೋದು ಅಂದ್ರೆ ಏನು ಅಂತ ಬಡವರಿಗೆ ನೀವು ಹೇಳ್ಕೊಡ್ಬೇಕಾಗಿಲ್ಲ, ಅವ್ರನ್ನ ಜೊತೆಗೆ ಕರ್ಕೊಂಡ್ರೆ ಸಾಕು.

ಹೋಂಸ್ಟೇ ನಡೆಸೋನು:

ಸರ್, ಎಲ್ಲ ಹೋಂಸ್ಟೇಯವರನ್ನೂ ಒಂದೇ ತಕ್ಕಡಿಲಿ ಹಾಕ್ಬೇಡಿ. ನಂದು ಪ್ರವಾಸೋದ್ಯಮ ಇಲಾಖೆಲಿ ನೋಂದಣಿ ಆಗಿದೆ, ಕಂದಾಯ ವಾಣಿಜ್ಯ ರೇಟಲ್ಲೇ ಕಟ್ತೀನಿ, ಹಸಿ ಕಸ ತೋಟಕ್ಕೆ ಒಣ ಕಸ ಪಂಚಾಯಿತಿ ಗಾಡಿಗೆ. ನೋಂದಣಿ ಇಲ್ದೆ ಬರೀ ಆ್ಯಪ್‌ನಲ್ಲಿ ಫೋಟೋ ಹಾಕ್ಕೊಂಡು ನಡೆಸೋರು ನಂಗಿಂತ ಕಮ್ಮಿ ರೇಟಿಗೆ ಕೊಡ್ತಾರೆ, ಯಾಕಂದ್ರೆ ಅವ್ರಿಗೆ ಇದ್ಯಾವ್ದೂ ಖರ್ಚಿಲ್ಲ. ಬಾಕಿ ಪಟ್ಟಿ ನೋಟಿಸ್ ಬೋರ್ಡಿಗೆ ಹಾಕ್ಸಿ, ಮೊದಲು ಖುಷಿ ಪಡೋನು ನಾನು. ಆದ್ರೆ ಪ್ರಾಮಾಣಿಕವಾಗಿ ಕಟ್ಟೋನ ಮೇಲೇ ಇನ್ನೂ ಏರಿಸೋದು ಮಾತ್ರ ಬೇಡ, ವರ್ಷದಲ್ಲಿ ನಾಲ್ಕು ತಿಂಗಳು ಮಳೆಗೆ ಗಿರಾಕಿ ಇಲ್ಲ.

ತೋಟದಮನೆ:

ಎಲ್ರಿಗೂ ಮನಸಾರೆ ಥ್ಯಾಂಕ್ಸ್. ಮೂರು ದಿನ ಉತ್ತರ ಬರೀಲಿಲ್ಲ ಯಾಕಂದ್ರೆ ಪಂಚಾಯಿತಿ ಆಫೀಸಿಗೆ ಹೋಗಿ ಕೂತಿದ್ದೆ. ಕಾರ್ಯದರ್ಶಿ ಸರ್ ಹೇಳಿದ ಹಾಗೆ ಯಾವ ಡಬ್ಬಿ ಅಂತ ಕೇಳ್ದೆ. ಕಮಾನು ಶಾಸಕರ ನಿಧಿದಂತೆ, ಅಂದ್ರೆ ನಮ್ಮ ಕರಪತ್ರದ ಮೊದಲ ಸಾಲೇ ತಪ್ಪು ಜಾಗಕ್ಕೆ ಹೊಡೆದಿದೆ. ಇಂಟರ್‌ಲಾಕ್ ಮಾತ್ರ ಸ್ವಂತ ಆದಾಯದ್ದು. ಸನ್ಮಾನ, ಊಟ ಉಪಚಾರದ ವೋಚರ್ ಕೇಳಿದ್ದಕ್ಕೆ ಅರ್ಜಿ ಕೊಡಿ ಅಂದ್ರು, ಕೊಡ್ತೀನಿ.

ಕಿಗ್ಗಟ್ಟುನಾಡು ತಮ್ಮ, ನೀವು ಹೇಳಿದ ರಾಜ್ಯದ ಸಾಲದ ಬಗ್ಗೆ ನಂಗೂ ನಿಮ್ಮಷ್ಟೇ ಚಿಂತೆ ಇದೆ. ಆದ್ರೆ ಒಂದು ವಿಷಯ ನಾವು ನಮ್ಮ ಕಡೆಯವರೇ ಒಪ್ಕೋಬೇಕು. 2008ರಿಂದ 2023ರ ತನಕ ಜಿಲ್ಲೆಯ ಎರಡೂ ಸೀಟು ನಮ್ದೇ ಇತ್ತು. ಆ ಹದಿನೈದು ವರ್ಷದಲ್ಲಿ ಇಷ್ಟು ಕಿಲೋಮೀಟರ್ ಕಾಂಕ್ರೀಟ್ ಹಾಕ್ಸಿದ್ವಿ ಅಂತ ನಾವೂ ವೋಟು ಕೇಳಿದ್ವೇ ಹೊರತು ಇಷ್ಟು ಉಳಿಸಿದ್ವಿ ಅಂತ ಯಾವತ್ತಾದ್ರೂ ಕೇಳಿದ್ವಾ? ನಾನೇ ಮೈಕ್ ಹಿಡಿದು ಅನುದಾನದ ಲೆಕ್ಕ ಓದಿದೀನಿ. ಮಿತವ್ಯಯ ಅನ್ನೋದು ವಿರೋಧ ಪಕ್ಷದಲ್ಲಿದ್ದಾಗ ಮಾತ್ರ ನೆನಪಾದ್ರೆ ಜನ ಯಾಕೆ ನಂಬ್ತಾರೆ. ನಂಗೆ ಇದು ನಿಜವಾಗ್ಲೂ ಬೇಕಾಗಿರೋ ವಿಷಯ, ಅದಕ್ಕೇ ನನ್ನ ಊರಿಂದ, ನನ್ನ ಕೈಗೆ ಎಟುಕೋ ಕಡೆಯಿಂದ ಶುರು ಮಾಡ್ಬೇಕು ಅಂತ.

ಅಕ್ಕ, ಲೈಬ್ರರಿ ವಿಷಯ ನೀವು ಹೇಳಿದ್ದು ಸರಿ, ನಾನು ನೋಡಿದ್ದು ಜನವರಿಲಿ, ಕಾಫಿ ಕುಯ್ಲಿನ ಸಮಯ. ಆ ಸಾಲು ತೆಗೆದಿದೀವಿ. ಟ್ಯಾಂಕರ್ ಮಿತಿ ಅನ್ನೋದನ್ನೂ ತೆಗೆದ್ವಿ, ಅದಕ್ಕೆ ನಮ್ಮಲ್ಲೇ ಇಬ್ರು ಒಪ್ಪಿಲ್ಲ, ಟ್ಯಾಂಕರ್ ಟ್ರಿಪ್ಪಿನ ಲೆಕ್ಕದಲ್ಲಿ ಸುಳ್ಳಿದೆ ಅಂತ ಅವ್ರ ವಾದ. ಇರ್ಬಹುದು. ಹಾಗಿದ್ರೆ ಟ್ರಿಪ್ ಶೀಟಿಗೆ ನೀರು ತಗೊಂಡ ಮನೆಯವರೇ ಸಹಿ ಹಾಕ್ಲಿ ಅಂತ ಬರೆಯೋಣ ಅಂದೆ, ನೀರಿಗೆ ಮಿತಿ ಬೇಡ ಸುಳ್ಳಿಗೆ ಮಿತಿ ಇರ್ಲಿ. ಅದಕ್ಕೆ ಒಪ್ಪಿದ್ರು.

ಈಗ ಕರಪತ್ರದಲ್ಲಿ ಉಳಿದಿದ್ದು ಇಷ್ಟು. ಬಾಕಿ ಪಟ್ಟಿ ನೋಟಿಸ್ ಬೋರ್ಡಿಗೆ ಬಂದು ವಸೂಲಿ ಆಗೋ ತನಕ ಕಂದಾಯ ಏರಿಸೋ ಮಾತು ಬೇಡ. ಬೀದಿದೀಪಕ್ಕೆ ಮೀಟರು ಟೈಮರು ಬರ್ಬೇಕು. ಹೊಸ ಕಟ್ಟಡ ಹೊಸ ಪೈಪು ಏನೇ ಆದ್ರೂ ಅದನ್ನ ನಡೆಸೋ ಖರ್ಚಿನ ಹಾಳೆ ಮೊದಲು. ಸ್ವಂತ ಆದಾಯದಲ್ಲಿ ಒಂದು ಪಾಲು ಮೇ ಕೊನೆಯೊಳಗೆ ಮಳೆಗಾಲಕ್ಕೆ ಅಂತ ಬೇರೆ ತೆಗೆದಿಡ್ಬೇಕು, ಜೆಸಿಬಿಗೆ, ಮರ ತೆಗೆಯೋಕೆ, ಮೋರಿ ಬಿಡಿಸೋಕೆ, ಆಗಸ್ಟ್ ಮುಗಿಯೋ ತನಕ ಅದನ್ನ ಬೇರೆ ಯಾವುದಕ್ಕೂ ಮುಟ್ಟೋ ಹಾಗಿಲ್ಲ.

ಸೋಮವಾರಪೇಟೆ ಹುಡುಗ:

ಓದ್ತಾ ಬಂದೆ, ಚೆನ್ನಾಗಿದೆ ಆದ್ರೆ ನಂಗೊಂದು ಭಯ. ನಮ್ಮಪ್ಪ ಒಂದು ಪಂಚಾಯಿತಿಲಿ ನೀರುಗಂಟಿ ಆಗಿದ್ರು. ಖರ್ಚು ಕಮ್ಮಿ ಮಾಡ್ಬೇಕು ಅಂತ ಯಾರಾದ್ರೂ ಜೋರಾಗಿ ಮಾತಾಡಿದ ವರ್ಷ ಮೊದಲು ತಡ ಆಗ್ತಿದ್ದಿದ್ದು ಅಪ್ಪನ ಸಂಬಳ. ನಾಲ್ಕು ತಿಂಗಳು ಐದು ತಿಂಗಳು. ಕಂಟ್ರಾಕ್ಟರ್ ಬಿಲ್ ನಿಲ್ಲಿಸಿದ್ರೆ ಅವ್ರು ಆಫೀಸಿಗೆ ಬಂದು ಗಲಾಟೆ ಮಾಡ್ತಾರೆ, ನೀರುಗಂಟಿ ಗಲಾಟೆ ಮಾಡಲ್ಲ, ಬೆಳಿಗ್ಗೆ ಐದಕ್ಕೆ ಎದ್ದು ವಾಲ್ವ್ ತಿರುಗಿಸೋಕೆ ಹೋಗ್ತಾನೆ. ಈ ಖರ್ಚು ಕಡಿತದಲ್ಲಿ ಸಂಬಳ ಮುಟ್ಟಲ್ಲ ಅಂತ ಎಲ್ಲೂ ಬರೆದಿಲ್ಲ ನೀವು.

ತೋಟದಮನೆ:

ಬರೆದಿಲ್ಲ, ನಿಜ. ಬರೀತೀನಿ ತಮ್ಮ, ಮೊದಲ ಸಾಲಲ್ಲೇ ಬರೀತೀನಿ. ದುಡಿದವನ ಕೂಲಿ ಹಿಡ್ಕೊಂಡು ಉಳಿಸಿದ್ರೆ ಅದು ಉಳಿತಾಯ ಅಲ್ಲ, ಅವನ ಹತ್ರ ಮಾಡಿದ ಸಾಲ. ನಿಮ್ಮ ಅಪ್ಪಂಗೆ ನನ್ನ ನಮಸ್ಕಾರ ಹೇಳಿ.

ಶನಿವಾರಸಂತೆ ಅಕ್ಕ:

ಇನ್ನೊಂದು ಮರ್ತಿದ್ದೆ. ನಿಮ್ಮ ಗ್ರಾಮಸಭೆ ಯಾವತ್ತು ಎಷ್ಟು ಹೊತ್ತಿಗೆ? ಎಲ್ಲ ಕಡೆ ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಇಡ್ತಾರೆ, ಲೈನ್‌ಮನೆಯವರು ಪೈಸಾರಿಯವರು ಅಷ್ಟೊತ್ತಿಗೆ ತೋಟದಲ್ಲಿ ಇರ್ತಾರೆ, ಒಂದು ದಿನದ ಕೂಲಿ ಬಿಟ್ಟು ಬಂದು ಲೆಕ್ಕ ಕೇಳಿ ಅಂದ್ರೆ ಯಾರು ಬರ್ತಾರೆ. ಸಂತೆ ದಿನ ತೋಟಕ್ಕೆ ರಜೆ. ಅವತ್ತು ಮಧ್ಯಾಹ್ನ ಇಟ್ರೆ ಆ ಅಜ್ಜಿನೇ ಬಂದು ಕೇಳ್ತಾರೆ.

ತೋಟದಮನೆ:

ಅಕ್ಕ, ಇವತ್ತು ಸಂಜೆ ಪೈಸಾರಿಗೆ ಮತ್ತೆ ಹೋಗಿದ್ದೆ, ಹೊಸ ಕರಪತ್ರ ಇನ್ನೂ ಪ್ರಿಂಟ್ ಆಗಿಲ್ಲ, ಬಾಯಲ್ಲೇ ಹೇಳ್ದೆ. ಅಜ್ಜಿ ಎಲ್ಲ ಕೇಳಿ, ಮಳೆಗಾಲಕ್ಕೆ ದುಡ್ಡು ಎತ್ತಿಡೋದು ಒಳ್ಳೇದು, ಆದ್ರೆ ಮೇಲಿನ ದಾರಿ ಮೋರಿ ಮಣ್ಣು ತುಂಬಿದೆ, ಅದನ್ನ ಈಗ್ಲೇ ಬಿಡಿಸಿದ್ರೆ ಜೆಸಿಬಿ ಕರೆಸೋ ಖರ್ಚೇ ಬರಲ್ವಲ್ಲ ಅಂದ್ರು. ಹೋಗಿ ನೋಡಿದ್ರೆ ಹೌದು, ನಾಲ್ಕು ಆಳು ಎರಡು ದಿನದ ಕೆಲಸ. 2018ರಲ್ಲಿ ರಸ್ತೆ ಕುಸಿದ ಮೂರು ಜಾಗದಲ್ಲಿ ಒಂದು ಅಲ್ಲೇ ಕೆಳಗೆ. ಗ್ರಾಮಸಭೆ ದಿನ ಬದಲಾಯಿಸಿ ಅಂತ ಪಿಡಿಓಗೆ ಬರೆದ ಮನವಿಗೆ ಪೈಸಾರಿಯಿಂದ ಮೂವತ್ತೊಂದು ಸಹಿ ಆಗಿದೆ, ಹೆಬ್ಬೆಟ್ಟೂ ಸೇರಿ.

ಕಾರ್ಯದರ್ಶಿ ಸರ್, ವೋಚರ್ ಕೇಳಿ ಮಾಹಿತಿ ಹಕ್ಕಿನ ಅರ್ಜಿ ಬರೆದಿದೀನಿ, ಎರಡು ಪುಟ ಆಗಿದೆ, ಒಂದ್ಸಲ ನೋಡಿ ಕೊಡ್ತೀರಾ?

ನಿವೃತ್ತ ಕಾರ್ಯದರ್ಶಿ:

ಎರಡು ಪುಟ ಆಗಲ್ಲ. ಕರ್ನಾಟಕದ ನಿಯಮದಲ್ಲಿ 150 ಪದದೊಳಗೆ, ಒಂದು ಅರ್ಜಿಗೆ ಒಂದೇ ವಿಷಯ, 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದೊಳಗೆ ಉತ್ತರ. ಸನ್ಮಾನದ ವೋಚರ್ ಒಂದು ಅರ್ಜಿ, ಇಂಟರ್‌ಲಾಕ್‌ನ ಎಸ್ಟಿಮೇಟು ಅಳತೆ ಪುಸ್ತಕ ಇನ್ನೊಂದು ಅರ್ಜಿ ಮಾಡಿ. ಯಾಕೆ ಖರ್ಚು ಮಾಡಿದ್ರಿ ಅಂತ ಕೇಳ್ಬೇಡಿ, ಅದಕ್ಕೆ ಉತ್ತರ ಕೊಡಲ್ಲ, ದಾಖಲೆಯ ಪ್ರತಿ ಕೊಡಿ ಅಂತ ಮಾತ್ರ ಕೇಳಿ. ಮೋರಿ ವಿಷಯ ಅರ್ಜಿಗೆ ಕಾಯ್ಬೇಡಿ, ನಿಮ್ಮ ವಾರ್ಡ್ ಸದಸ್ಯರನ್ನ ಕರ್ಕೊಂಡು ಹೋಗಿ ತೋರ್ಸಿ, ವಾರ್ಡ್ ಸಭೆ ನಡಾವಳಿಗೆ ಬರೆಸಿ.

ಶುಕ್ರವಾರ ಮಡಿಕೇರಿ ಸಂತೆಗೆ ಬರ್ತೀನಿ, ಹತ್ತೂವರೆಗೆ ಬಸ್ ಸ್ಟ್ಯಾಂಡ್ ಹತ್ರ ಇರ್ತೀನಿ. ಕಾಗದ ಎಲ್ಲ ತನ್ನಿ, ಆ ಡಿಸಿಬಿ ಪಟ್ಟಿನೂ.